ಗೌಂಡಿ ಬರುವ ಮೊದಲೇ ಮನೆ ಕಾಗದದ ಮೇಲೆ ಮುಗಿದಿರಲಿ

ಪ್ರಶ್ನೆ: ನಮಸ್ಕಾರ ಸರ್. ಕಲಬುರಗಿ ರಿಂಗ್ ರೋಡ್ ಆಚೆ ನಮ್ಮದೊಂದು 30×40 ಪ್ಲಾಟ್ ಇದೆ, ಪೂರ್ವಕ್ಕೆ ರಸ್ತೆ. ನಾನು ಹೈಸ್ಕೂಲ್ ಟೀಚರ್. ಮನೆಯಲ್ಲಿ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಅತ್ತೆಗೆ ಮೊಣಕಾಲು ನೋವು. ಸಾಲ ಸೇರಿ 35 ಲಕ್ಷದೊಳಗೆ ಎಲ್ಲಾ ಮುಗಿಯಬೇಕು. ಮೈದುನ, ‘ಆರ್ಕಿಟೆಕ್ಟ್ ಯಾಕ್ರಿ ವೈನಿ, ಆ ರೊಕ್ಕದಾಗ ಒಂದು ರೂಮ್ ಏಳ್ತದ, ನಮ್ಮ ಗೌಂಡಿಗೆ ಹೇಳಿದ್ರ ಅವನೇ ಎಲ್ಲಾ ಮಾಡ್ತಾನ’ ಅನ್ನುತ್ತಾರೆ. ನಾನು ಫೋನಿನಲ್ಲಿ ಇನ್ನೂರು ಮನೆಗಳ ಫೋಟೋ ಕೂಡಿಸಿಟ್ಟಿದ್ದೇನೆ. ಎಲ್ಲಿಂದ ಶುರು ಮಾಡಬೇಕು? ಗುತ್ತೇದಾರರನ್ನು ಯಾವಾಗ ಕರೆಯಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಟೀಚರ್, ಗುತ್ತೇದಾರರನ್ನು ಕೊನೆಗೆ ಕರೆಯಿರಿ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನಮ್ಮ ಕಡೆ ಬಹಳ ಜನ ಇದನ್ನೇ ಉಲ್ಟಾ ಮಾಡುತ್ತಾರೆ. ಮುಹೂರ್ತ ಸಿಕ್ಕಿತು ಅಂತ ಗೌಂಡಿಗೆ ಅಡ್ವಾನ್ಸ್ ಕೊಡುತ್ತಾರೆ, ಆಮೇಲೆ ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಅಂತ ಪ್ಲಾಟಿನಲ್ಲಿ ನಿಂತು ಯೋಚನೆ ಮಾಡುತ್ತಾರೆ. ಕಾಗದದ ಮೇಲಿನ ಗೋಡೆ ಸರಿಸಲು ರಬ್ಬರ್ ಸಾಕು. ಕಟ್ಟಿದ ಗೋಡೆ ಸರಿಸಬೇಕಾದರೆ ಒಡೆಯುವ ಕೂಲಿ, ಮತ್ತೆ ಕಟ್ಟುವ ಕೂಲಿ, ಹಾಳಾದ ಇಟ್ಟಿಗೆ, ಅದರ ಮೇಲೆ ಮನೆಯವರ ಮನಸ್ತಾಪ ಬೇರೆ.

ಮೈದುನರ ಮಾತಿನಲ್ಲಿ ಅರ್ಧ ನಿಜ ಇದೆ. ಒಳ್ಳೆ ಗೌಂಡಿಯ ಕೈ ದೊಡ್ಡ ಆಸ್ತಿ, ಅವರಿಲ್ಲದೆ ಯಾವ ನಕ್ಷೆಯೂ ಮನೆ ಆಗುವುದಿಲ್ಲ. ಆದರೆ ನಿಮ್ಮ ಅತ್ತೆ ರಾತ್ರಿ ಎಷ್ಟು ಸಲ ಏಳುತ್ತಾರೆ, ನೀವು ಪೇಪರ್ ತಿದ್ದಲು ಎಲ್ಲಿ ಕೂರುತ್ತೀರಿ ಅಂತ ಕೇಳುವುದು ಅವರ ಕೆಲಸ ಅಲ್ಲ. ಅದು ಆರ್ಕಿಟೆಕ್ಟ್ ಕೆಲಸ.

ಹಾಗಾಗಿ ಆ ಇನ್ನೂರು ಫೋಟೋ ಪಕ್ಕಕ್ಕಿಡಿ, ಐದು ಸಾಕು. ಅದರ ಬದಲು ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಮನೆಯ ಒಂದು ದಿನ ಬರೆಯಿರಿ. ಮೊದಲು ಯಾರು ಏಳುತ್ತಾರೆ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಶಾವಿಗೆ ಎಲ್ಲಿ ಒಣಗಿಸುತ್ತೀರಿ, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಯಾರು ಮಲಗುತ್ತಾರೆ. ಒಂದು ಮನೆಯ ತಾಯಿ ಹೀಗೇ ಬರೆದು ತಂದಿದ್ದರು, ಅದರಲ್ಲಿ ‘ದಿನಾ ಮೂವತ್ತು ರೊಟ್ಟಿ’ ಅಂತ ಒಂದು ಸಾಲಿತ್ತು. ಅಷ್ಟಕ್ಕೇ ಅವರ ಅಡುಗೆಮನೆ ಬದಲಾಯಿತು. ಎಲ್ಲರಿಗೂ ಹಾಕುವ ಎತ್ತರದಲ್ಲೇ ಕಟ್ಟೆ ಹಾಕಿದ್ದರೆ ರೊಟ್ಟಿ ಬಡಿಯಲು ಹೆಗಲೆತ್ತಬೇಕಾಗಿತ್ತು. ರೊಟ್ಟಿ ಬಡಿಯುವ ಜಾಗದಲ್ಲಿ ಮಾತ್ರ ಕಟ್ಟೆಯನ್ನು ಅವರ ಮೊಣಕೈ ಅಳತೆ ತೆಗೆದು ತಗ್ಗಿಸಿದೆವು, ಹಿಟ್ಟಿನ ಡಬ್ಬಿ ಕೈಗೆಟಕುವ ಹಾಗೆ ಪಕ್ಕದಲ್ಲೇ ಒಂದು ಗೂಡು ಬಿಟ್ಟೆವು. ಇದು ಯಾವ ಫೋಟೋದಲ್ಲೂ ಇರುವುದಿಲ್ಲ.

ಬಜೆಟ್ ಮಾತ್ರ ಮುಚ್ಚಿಡಬೇಡಿ. 35 ಲಕ್ಷ ಅಂದರೆ ಅಷ್ಟೂ ಗೋಡೆ ಸ್ಲ್ಯಾಬಿಗೆ ಸಿಗುವುದಿಲ್ಲ. ಕಾಂಪೌಂಡ್, ಸಂಪು, ಬೋರು, ಕರೆಂಟ್ ಕನೆಕ್ಷನ್, ಪರವಾನಗಿ ಫೀ, ಆರ್ಕಿಟೆಕ್ಟ್ ಫೀ, ಕಪಾಟು ಎಲ್ಲಾ ಅದರೊಳಗೇ ಬರಬೇಕು. ಇವನ್ನೆಲ್ಲ ಕಳೆದು, ಕೈಯಲ್ಲಿ ಹತ್ತನೇ ಒಂದು ಪಾಲು ಉಳಿಸಿಕೊಂಡು, ಮಿಕ್ಕಿದ್ದರಲ್ಲಿ ಎಷ್ಟು ಚದರ ಅಡಿ ಬರುತ್ತದೆ ಅಂತ ಆರ್ಕಿಟೆಕ್ಟ್ ಬಾಯಿಂದಲೇ ಹೇಳಿಸಿ. ಬೇಜಾರಾಗಬಹುದು. ಮೊದಲ ವಾರದಲ್ಲೇ ಆಗಲಿ ಬಿಡಿ, ಸ್ಲ್ಯಾಬ್ ಹಾಕಿದ ಮೇಲೆ ಬೇಡ.

ಆರ್ಕಿಟೆಕ್ಟ್ ಯಾರು ಅನ್ನುವುದನ್ನೂ ಗಟ್ಟಿ ಮಾಡಿಕೊಳ್ಳಿ. 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇದ್ದವರು ಮಾತ್ರ ಆ ಹೆಸರು ಬಳಸಬಹುದು. ನಂಬರ್ ‘ಸಿಎ’ ಅಂತ ಶುರುವಾಗುತ್ತದೆ, ಆಮೇಲೆ ಇಸವಿ. ಕೇಳಲು ಸಂಕೋಚ ಬೇಡ. ಅವರು ಮಾಡಿದ ಎರಡು ಮನೆ ನೋಡಿ, ಸಾಧ್ಯವಾದರೆ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ನಮ್ಮೂರಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಪಡಸಾಲೆಯಲ್ಲಿ ಹತ್ತು ನಿಮಿಷ ಕುಳಿತರೆ ಸಾಕು, ಪಡುವಣ ಗೋಡೆಯ ಬಗ್ಗೆ ಅವರು ಯೋಚನೆ ಮಾಡಿದ್ದಾರೋ ಇಲ್ಲವೋ ಗೊತ್ತಾಗುತ್ತದೆ. ನಿಮ್ಮದು ಪೂರ್ವದ ರಸ್ತೆ ಅಂದರೆ ಮನೆಯ ಬೆನ್ನು ಪಶ್ಚಿಮಕ್ಕೆ. ಆ ಕಡೆ ಬಚ್ಚಲು, ಮೆಟ್ಟಿಲು, ಸ್ಟೋರ್ ಬಂದರೆ ಮಲಗುವ ಕೋಣೆಗಳು ಬದುಕುತ್ತವೆ. ಅತ್ತೆಯ ಕೋಣೆ ಕೆಳಗೇ ಇರಲಿ, ಬಚ್ಚಲಿಗೆ ಹೋಗುವಾಗ ಒಂದು ಮೆಟ್ಟಿಲೂ ಅಡ್ಡ ಬರದ ಹಾಗೆ. ಫೀ ಎಷ್ಟು, ಯಾವ ಹಂತಕ್ಕೆ ಎಷ್ಟು, ಎಷ್ಟು ಸಲ ನಕ್ಷೆ ಬದಲಿಸಿ ಕೊಡುತ್ತಾರೆ, ಎಲ್ಲಾ ಬರಹದಲ್ಲಿ ಇರಲಿ.

ಈಗ ಮಣ್ಣಿನ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ. ನಿಮ್ಮದು ಎರೆಮಣ್ಣಿನ ಜಾಗವೇ ಇರಬೇಕು. ಬೇಸಿಗೆಯಲ್ಲಿ ಹೋಗಿ ನೋಡಿ, ಬಿರುಕಿನಲ್ಲಿ ಕೈ ಇಳಿಯುತ್ತದೆ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ವರ್ಷಾ ವರ್ಷಾ ಇದೇ ಆಟ, ಸುಮಾರು 3.5 ಮೀಟರ್ ಆಳದವರೆಗೂ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಮನೆಯಲ್ಲಿ ಬುನಾದಿಗೆ ಅಗೆದ ಎರೆಮಣ್ಣನ್ನೇ ಮತ್ತೆ ನೆಲದ ಕೆಳಗೆ ತುಂಬಿಬಿಟ್ಟಿದ್ದರು. ಮುರುಮ್, ಅಂದರೆ ಉಬ್ಬದ ಗಟ್ಟಿ ಗರಸು ಮಣ್ಣು, ತರಿಸುವ ಖರ್ಚು ಉಳಿಯಿತು ಅಂತ ಎಲ್ಲರಿಗೂ ಖುಷಿ. ನಾನೂ ಎರಡು ದಿನ ಸೈಟಿಗೆ ಹೋಗಿರಲಿಲ್ಲ, ಅದು ನನ್ನ ತಪ್ಪು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಪಡಸಾಲೆಯ ಶಹಾಬಾದ್ ಪರಸಿ ನಡುವೆ ಎದ್ದು ನಿಂತಿತು, ಒಂದು ಕಲ್ಲಿನ ಅಂಚು ಇನ್ನೊಂದಕ್ಕಿಂತ ಹೆಬ್ಬೆರಳಿನಷ್ಟು ಮೇಲೆ. ದೇವರ ಕೋಣೆಯ ಬಾಗಿಲು ಮುಚ್ಚಲೇ ಇಲ್ಲ. ಆ ಮನೆಯ ಅಜ್ಜಿ ಎಡವಿ ಬಿದ್ದರು. ಅವತ್ತಿನಿಂದ ಮಣ್ಣಿನ ಪರೀಕ್ಷೆ ಇಲ್ಲದೆ ನಾನು ಬುನಾದಿಯ ಗೆರೆ ಎಳೆದಿಲ್ಲ.

ಪರೀಕ್ಷೆಗೆ ಆಗುವ ಖರ್ಚು ಬುನಾದಿಯ ಖರ್ಚಿನ ಮುಂದೆ ಬಹಳ ಚಿಕ್ಕದು. ಗಟ್ಟಿ ಮುರುಮ್ ಮೇಲೇ ಸಿಕ್ಕರೆ ಅಲ್ಲಿಯವರೆಗೆ ಅಗೆದು ಬುನಾದಿ ಇಡಬಹುದು. ಆಳದಲ್ಲಿದ್ದರೆ ಅಂಡರ್‌ರೀಮ್ಡ್ ಪೈಲ್ ಅಂತ ಒಂದು ಪದ್ಧತಿ ಇದೆ, ತಳದಲ್ಲಿ ಗಂಟಿನಂತೆ ಅಗಲವಾಗುವ ಕಾಂಕ್ರೀಟ್ ಕಂಬ. ಯಾವುದು ಅನ್ನುವುದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಹೇಳಬೇಕು, ಅವರನ್ನು ಆರ್ಕಿಟೆಕ್ಟೇ ಕರೆತರುತ್ತಾರೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರ್ ಕಡೆಯ ಕಿಲ್ಲಾರಿಯಲ್ಲಿ ಆದ ಭೂಕಂಪ ನಮ್ಮ ಹಿರಿಯರಿಗೆ ನೆನಪಿದೆ, 2021ರಲ್ಲಿ ನೆಲ ನಡುಗಿದಾಗ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮನೆಯೊಳಗೆ ಮಲಗಲು ಹೆದರಿದ್ದನ್ನೂ ನೋಡಿದ್ದೇವೆ. ಹಾಗಾಗಿ ಕಬ್ಬಿಣದ ಸರಳಿನ ಲೆಕ್ಕ ಅಂದಾಜಿನ ಮೇಲೆ ಬೇಡ. ಇನ್ನೊಂದು, ಸಂಪು ಮತ್ತು ಸೆಪ್ಟಿಕ್ ಟ್ಯಾಂಕ್ ಬುನಾದಿಗೆ ಅಂಟಿಕೊಂಡಿರದ ಹಾಗೆ ನೋಡಿಕೊಳ್ಳಿ, ಒಂದು ಸಣ್ಣ ಸೋರಿಕೆ ಸಾಕು ಈ ಮಣ್ಣಿಗೆ.

ನಕ್ಷೆ ಒಂದು ಹದಕ್ಕೆ ಬಂದಾಗ ಒಂದು ಭಾನುವಾರ ಸುಣ್ಣದ ಪುಡಿ ತೆಗೆದುಕೊಂಡು ಎಲ್ಲರೂ ಪ್ಲಾಟಿಗೆ ಹೋಗಿ. ಕೋಣೆಗಳ ಗೆರೆ ಹಾಕಿ, ಮನೆಯಿಂದ ಒಂದು ಮಂಚ, ಎರಡು ಕುರ್ಚಿ ಒಯ್ದು ಇಡಿ. ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಅಲ್ಲಿಂದ ಬಚ್ಚಲಿನ ಗೆರೆಯವರೆಗೆ ನಡೆಸಿ ನೋಡಿ. ಕಾಗದದ ಮೇಲೆ 10×11 ಅಂದರೆ ದೊಡ್ಡದೇ ಅನಿಸುತ್ತದೆ, ಮಂಚ ಇಟ್ಟ ಮೇಲೆ ಕಪಾಟಿನ ಬಾಗಿಲು ತೆಗೆಯಲು ಜಾಗ ಇದೆಯಾ ಅಂತ ಅಲ್ಲೇ ತಿಳಿಯುತ್ತದೆ.

ಪಾಲಿಕೆಯ ಪರವಾನಗಿಗೆ ಕೊಡುವ ನಕ್ಷೆ ಬೇರೆ, ಕಟ್ಟಲು ಬೇಕಾದ ನಕ್ಷೆ ಬೇರೆ. ಪರವಾನಗಿ ಸಿಕ್ಕಿತು ಅಂತ ಕೆಲಸ ಶುರು ಮಾಡಬೇಡಿ. ಸರಳು, ಕರೆಂಟ್ ಪಾಯಿಂಟ್, ನೀರಿನ ಪೈಪು, ಕಿಟಕಿ ಚಜ್ಜಾ, ಅಡುಗೆ ಕಟ್ಟೆ, ಒಂದೊಂದರ ಹಾಳೆಯೂ ಕೈಗೆ ಬರಲಿ. ಜೊತೆಗೆ ಯಾವ ಸಾಮಾನು ಎಷ್ಟು ಬೇಕು ಅನ್ನುವ ಪಟ್ಟಿ. ಅದು ಕೈಯಲ್ಲಿದ್ದ ದಿನ ಮೈದುನರಿಗೆ ಹೇಳಿ, ಅವರ ಗೌಂಡಿಯನ್ನೂ ಕರೆಯಲಿ.

ಪ್ರಶ್ನೆ: ಆರ್ಕಿಟೆಕ್ಟ್ ನಕ್ಷೆ ಕೊಟ್ಟಿದ್ದಾರೆ. ಮೂವರು ಗುತ್ತೇದಾರರು ಚದರ ಅಡಿಗೆ 1,700, 1,950, 2,200 ಅಂತ ಹೇಳಿದ್ದಾರೆ. ಕಮ್ಮಿಯವರಿಗೇ ಕೊಡಲೇ?
– ಓದುಗರೊಬ್ಬರು, ಬೀದರ್

ಉತ್ತರ: ಸರ್, ಅವು ಒಂದೇ ಮನೆಯ ಮೂರು ರೇಟು ಅಲ್ಲ, ಮೂರು ಬೇರೆ ಬೇರೆ ಮನೆಯ ರೇಟು. ಒಬ್ಬರು ಮಾಳಿಗೆ ಮೇಲೆ ಮೆಟ್ಟಿಲಿಗೆ ಹಾಕುವ ಸಣ್ಣ ಕೋಣೆಯನ್ನೂ ಅಳತೆಗೆ ಸೇರಿಸಿರುತ್ತಾರೆ, ಇನ್ನೊಬ್ಬರು ಸಂಪು, ಪ್ಯಾರಾಪೆಟ್, ಕಾಂಪೌಂಡ್ ಬಿಟ್ಟಿರುತ್ತಾರೆ. ನೆಲಕ್ಕೆ ಯಾವ ಕಲ್ಲು, ವೈರ್ ಯಾವ ಕಂಪನಿ, ಗಿಲಾವ್ (ಗೋಡೆಯ ಪ್ಲಾಸ್ಟರ್) ಎಷ್ಟು ಕೋಟು? ಆರ್ಕಿಟೆಕ್ಟ್ ತಯಾರಿಸಿದ ಒಂದೇ ಪಟ್ಟಿಯನ್ನು ಮೂವರಿಗೂ ಕೊಟ್ಟು, ಸಾಲು ಸಾಲಿಗೂ ದರ ಬರೆಸಿಕೊಳ್ಳಿ. 1,700 ಹೇಳಿದವರೇ ಜಾಸ್ತಿ ಆಗಬಹುದು.

ಆಮೇಲೆ ಪ್ರತಿಯೊಬ್ಬರ ಈಗ ನಡೆಯುತ್ತಿರುವ ಒಂದು ಸೈಟಿಗೆ ಹೇಳದೆ ಹೋಗಿ. ಸಿಮೆಂಟ್ ಚೀಲ ನೆಲಕ್ಕೆ ತಾಗಿವೆಯೋ ಹಲಗೆ ಮೇಲಿವೆಯೋ, ಸ್ಲ್ಯಾಬ್ ಒದ್ದೆ ಇದೆಯೋ ಒಣಗಿದೆಯೋ ನೋಡಿ. ನಮ್ಮ ಬಿಸಿಲಿಗೆ ಕಾಂಕ್ರೀಟಿಗೆ ಹತ್ತು ದಿನಕ್ಕೆ ಕಮ್ಮಿ ಇಲ್ಲದಂತೆ ನೀರುಣಿಸಬೇಕು, ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್ ಆದರೆ 14 ದಿನ ಒಳ್ಳೆಯದು. ಬೇರೆಯವರ ಮನೆಗೆ ನೀರು ಹಾಕದವರು ನಿಮ್ಮ ಮನೆಗೂ ಹಾಕುವುದಿಲ್ಲ. ದುಡ್ಡನ್ನು ತಾರೀಖು ನೋಡಿ ಕೊಡಬೇಡಿ, ಮುಗಿದ ಕೆಲಸ ನೋಡಿ ಕೊಡಿ: ಬುನಾದಿ, ಲಿಂಟಲ್, ಸ್ಲ್ಯಾಬ್, ಗಿಲಾವ್ ಹೀಗೆ. ನೂರಕ್ಕೆ ಐದು ರೂಪಾಯಿ ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮಲ್ಲೇ ಇರಲಿ, ಅದನ್ನು ಕರಾರಿನಲ್ಲೇ ಬರೆಸಿ. ಆರ್ಕಿಟೆಕ್ಟ್ ‘ಇವರಿಗೇ ಕೊಡಿ’ ಅಂತ ಒಬ್ಬರ ಹೆಸರನ್ನೇ ಹಿಡಿದು ಕೂತರೆ ಯಾಕೆ ಅಂತ ನೇರವಾಗಿ ಕೇಳಿ. ಒಳ್ಳೆ ಕಾರಣ ಇದ್ದರೆ ಹೇಳುತ್ತಾರೆ.

ಪ್ರಶ್ನೆ: ಗುತ್ತೇದಾರರು ಸಿಕ್ಕ ಮೇಲೆ ಆರ್ಕಿಟೆಕ್ಟ್ ಸೈಟಿಗೆ ಬರುವ ಅಗತ್ಯ ಇದೆಯಾ? ಪ್ರತಿ ಸಲಕ್ಕೂ ದುಡ್ಡು ಕೇಳುತ್ತಿದ್ದಾರೆ.
– ಓದುಗರೊಬ್ಬರು, ಯಾದಗಿರಿ

ಉತ್ತರ: ಇದೆ. ಎಷ್ಟು ಭೇಟಿ ಫೀಯೊಳಗೆ ಬರುತ್ತವೆ ಅಂತ ಮೊದಲೇ ಬರೆಸಿಕೊಳ್ಳಬೇಕಿತ್ತು, ಈಗಲೂ ಕೂತು ಮಾತಾಡಿ. ಎಲ್ಲಾ ದಿನ ಆಗದಿದ್ದರೂ ಮೂರು ದಿನ ಬಿಡಬೇಡಿ. ದಾರ ಕಟ್ಟಿ ಗುರುತು ಹಾಕುವ ದಿನ. ಬುನಾದಿಯ ಗುಂಡಿ ಪೂರ್ತಿ ಅಗೆದು, ಇನ್ನೂ ಕಾಂಕ್ರೀಟ್ ಬೀಳದ ದಿನ. ಸ್ಲ್ಯಾಬಿಗೆ ಸರಳು ಕಟ್ಟಿ ಮುಗಿದ ಮಾರನೇ ಬೆಳಿಗ್ಗೆ, ಮಿಕ್ಸರ್ ಬರುವ ಮುಂಚೆ. ಆ ಬೆಳಿಗ್ಗೆ ಸ್ಟ್ರಕ್ಚರಲ್ ಇಂಜಿನಿಯರ್ ಕೂಡ ಜೊತೆಗಿರಲಿ, ಸರಳಿನ ಅಂತರವನ್ನು ಟೇಪ್ ಹಿಡಿದು ಅಳೆಯಲಿ, ಫ್ಯಾನಿನ ಹುಕ್ಕು ಮತ್ತು ಕರೆಂಟ್ ಪೈಪು ಸರಿಯಾದ ಜಾಗದಲ್ಲಿವೆಯಾ ನೋಡಿ ಹಾಳೆಯ ಮೇಲೆ ಸಹಿ ಹಾಕಲಿ. ಸಹಿ ಬೀಳುವವರೆಗೆ ಮಿಕ್ಸರ್ ಚಾಲೂ ಮಾಡಬೇಡಿ ಅಂತ ಗುತ್ತೇದಾರರಿಗೆ ಹಿಂದಿನ ದಿನವೇ ಹೇಳಿಡಿ.