ಎಣ್ಣೆಸ್ನಾನದ ಮರುದಿನ ತಲೆಭಾರ

ಪ್ರಶ್ನೆ: ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡುತ್ತೇನೆ. ತಿಂಡಿ ತಿಂದು, ಎಣ್ಣೆ ಹಚ್ಚಿ ಎರಡು ಗಂಟೆ ಬಿಡುತ್ತೇನೆ. ಮರುದಿನ ಮೂಗು ಕಟ್ಟಿ ತಲೆ ಭಾರ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ಕ್ರಮ ಬದಲಿಸಿ. ತಿಂಡಿಗೆ ಮುಂಚೆಯೇ ಹಚ್ಚಿಕೊಳ್ಳಿ. ಮೈಗೆ ಮೂರ್ನಾಲ್ಕು ದೊಡ್ಡ ಚಮಚ ಎಳ್ಳೆಣ್ಣೆ ಸಾಕು. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ನೇರ ಉರಿಯಲ್ಲಿ ಕಾಯಿಸಿದರೆ ಹದ ತಿಳಿಯದೆ ಚರ್ಮ ಸುಟ್ಟೀತು. ಕೈಕಾಲಿಗೆ ಉದ್ದಕ್ಕೆ, ಮಂಡಿ ಮೊಣಕೈಗಳಿಗೆ ದುಂಡಗೆ ತಿಕ್ಕಿ. ಅಂಗಾಲನ್ನಂತೂ ಮರೆಯಲೇಬೇಡಿ. 20–30 ನಿಮಿಷಕ್ಕೆ ಸ್ನಾನ ಮಾಡಿ. ಮೈಗೆ ಬಿಸಿನೀರು, ತಲೆಗೆ ಬರೀ ಬೆಚ್ಚಗಿನದು. ಜಿಡ್ಡಿಗೆ ಕಡಲೆಹಿಟ್ಟು. ಕೂದಲ ಬುಡ ಒಣಗುವ ತನಕ ಫ್ಯಾನಿನ ಕೆಳಗೆ ಕೂರಬೇಡಿ, ನಿಮ್ಮ ತೊಂದರೆಯ ಮೂಲ ಬಹುಶಃ ಈ ತೇವವೇ. ಕಫ ಹೆಚ್ಚಿದಾಗ, ಅಜೀರ್ಣವಾದಾಗ ಅಭ್ಯಂಗ, ಅಂದರೆ ಮೈಗೆ ಎಣ್ಣೆ ತಿಕ್ಕುವುದು, ಬೇಡ ಎಂದು ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯವೇ ಹೇಳುತ್ತದೆ. ನೆಗಡಿ, ಜ್ವರವಿದ್ದ ವಾರ ಎಣ್ಣೆ ಮುಟ್ಟಬೇಡಿ.