ಟ್ರಿಪ್ಪಿಗೆ ಹೋಗು, ಅಪ್ಪನಿಗೂ ಹೇಳು

ನಿನ್ನ ಮೆಸೇಜ್ ಓದಿದೆ ಪುಟ್ಟಿ. ಕ್ಲಾಸಿನವರು ಶನಿವಾರ, ಭಾನುವಾರ ಸ್ಯಾಕ್ಸನ್ ಸ್ವಿಟ್ಜರ್ಲೆಂಡಿಗೆ ಹೊರಟಿದ್ದಾರೆ, ನಿನ್ನನ್ನೂ ಕರೆದಿದ್ದಾರೆ. ಜರ್ಮನಿಯ ಡ್ರೆಸ್ಡೆನ್‌ಗೆ ಓದೋಕೆ ಬಂದು ಇನ್ನೂ ಎರಡು ತಿಂಗಳಾಗಿಲ್ಲ, ತಲೆ ಮೇಲೆ ಎಜುಕೇಶನ್ ಲೋನ್ ಇದೆ, ಊರಲ್ಲಿ ಅಪ್ಪ ಕಾಫಿ ಕೊಯ್ಲಿಗೆ ಆಳು ಸಿಗದೆ ಒದ್ದಾಡುತ್ತಿದ್ದಾರೆ. ಇಂಥ ಹೊತ್ತಲ್ಲಿ ಸುತ್ತಾಡೋಕೆ ಹೋಗೋದು ಸರಿನಾ ಅಕ್ಕಾ ಅಂತ ಕೇಳಿದ್ದೀಯ. ಹೋದರೂ ಫೋಟೊ ಸ್ಟೇಟಸ್‌ಗೆ ಹಾಕದೆ ಇದ್ದುಬಿಡ್ಲಾ ಅಂತಲೂ ಕೇಳಿದ್ದೀಯ.

ಹೋಗು. ಫೋಟೊನೂ ಹಾಕು. ಅದಕ್ಕೆ ಮೊದಲು ಅಪ್ಪನಿಗೆ ಫೋನ್ ಮಾಡಿ ಹೇಳು.

ನಾನು ಈಗ ರಜೆಗೆ ಚಿಕ್ಕಮಗಳೂರಲ್ಲೇ ಇದ್ದೇನೆ. ಆಲ್ದೂರು ಕಡೆ ಅರೇಬಿಕಾ ಕೊಯ್ಲು ಶುರುವಾಗಿದೆ. ಕಣದಲ್ಲಿ ಕಾಫಿ ಹರಡಿದವರೆಲ್ಲ ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುವ ಕಾಲ. ಹಾಗಾಗಿ ನಿನ್ನ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಇಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಅಮ್ಮಂದಿರ ಜೊತೆ ಕೂತು ಮಾತಾಡಿದೆ. ಮಗಳು ಖರ್ಚು ಮಾಡಿಬಿಟ್ಟಳು ಅಂತ ಒಬ್ಬರೂ ಕೊರಗಲಿಲ್ಲ. "ರೂಮಿಂದ ಹೊರಗೇ ಬರಲ್ಲ ಅಂತೆ, ಯಾರ ಜೊತೇನೂ ಸೇರಲ್ಲ ಅಂತೆ, ಫೋನಲ್ಲೂ ಸರಿಯಾಗಿ ಮಾತಾಡಲ್ಲ" ಅಂತ ಕಣ್ಣು ಒರೆಸಿಕೊಂಡವರಿದ್ದಾರೆ. ನೀನು ಮುಚ್ಚಿಟ್ಟ ಫೋಟೊ ಇನ್ಯಾರದೋ ಸ್ಟೇಟಸ್ಸಲ್ಲಿ ಕಂಡರೆ ಅಪ್ಪನಿಗೆ ಎಷ್ಟು ನೋವಾಗುತ್ತೆ, ಯೋಚನೆ ಮಾಡು.

ಹೆಸರಲ್ಲಿ ಸ್ವಿಟ್ಜರ್ಲೆಂಡ್ ಇದೆ ಅಂತ ಅವರು ಗಾಬರಿಯಾಗಬಹುದು. ಡ್ರೆಸ್ಡೆನ್ ಪಕ್ಕದ ಗುಡ್ಡಗಾಡು ಅಂತ ಬಿಡಿಸಿ ಹೇಳು. 18ನೇ ಶತಮಾನದಲ್ಲಿ ಅಲ್ಲಿಗೆ ಬಂದ ಸ್ವಿಸ್ ಚಿತ್ರಕಾರರಿಬ್ಬರಿಗೆ ತಮ್ಮ ನಾಡಿನ ನೆನಪಾಯಿತಂತೆ, ಆ ಹೆಸರು ಉಳಿದುಕೊಂಡಿತು.

ಇನ್ನು ಖರ್ಚು. ವೀಸಾಕ್ಕೆ ಅಂತ ಮೊದಲೇ ದುಡ್ಡು ಕಟ್ಟಿಟ್ಟ ನಿನ್ನ ಬ್ಲಾಕ್ಡ್ ಅಕೌಂಟಿಂದ ತಿಂಗಳಿಗೆ ಬರುವುದು 992 ಯೂರೊ. ಬಾಡಿಗೆ, ಇನ್ಶೂರೆನ್ಸ್ ಕಳೆದರೆ ಕೈಯಲ್ಲಿ ಹೆಚ್ಚು ಉಳಿಯಲ್ಲ, ಗೊತ್ತು. ಮೊದಲು ನಿನ್ನ ಸೆಮೆಸ್ಟರ್ ಟಿಕೆಟ್, ಅಂದರೆ ಯೂನಿವರ್ಸಿಟಿ ಕೊಡುವ ಪ್ರಯಾಣದ ಪಾಸು ತೆಗೆದು ನೋಡು. 2023ರ ಮೇನಲ್ಲಿ 49 ಯೂರೊಗೆ ಶುರುವಾದ ಡಾಯ್ಚ್‌ಲ್ಯಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸು 2026ರಿಂದ 63 ಯೂರೊ ಆಗಿದೆ. ಹಲವು ಯೂನಿವರ್ಸಿಟಿಗಳಲ್ಲಿ ಅದು ಕಡಿಮೆ ದರಕ್ಕೆ ಸೆಮೆಸ್ಟರ್ ಫೀಸಿನಲ್ಲೇ ಸೇರಿರುತ್ತೆ. ಅದಿದ್ದರೆ ಇಡೀ ದೇಶದ ಲೋಕಲ್ ರೈಲು, ಬಸ್ಸು, ಟ್ರಾಮ್ ಹತ್ತಬಹುದು. ದೂರದೂರಿಗೆ ಹೋಗುವ ಐಸಿಇ, ಐಸಿ ಎಕ್ಸ್‌ಪ್ರೆಸ್ ರೈಲು ಮಾತ್ರ ಹತ್ತಬೇಡ, ದಂಡ ಬೀಳುತ್ತದೆ. ರಾತ್ರಿ ಉಳಿಯೋಕೆ ಯೂತ್ ಹಾಸ್ಟೆಲ್ ಸಾಕು. ಮೆಂಬರ್ ಆಗಬೇಕು, 27 ವರ್ಷದೊಳಗಿನವರಿಗೆ ಅದೂ ಅಗ್ಗ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಬಂತು.

ಡ್ರೆಸ್ಡೆನ್‌ನಿಂದ ಎಸ್1 ಅನ್ನೋ ಲೋಕಲ್ ರೈಲು ಎಲ್ಬೆ ನದಿಯ ಪಕ್ಕದಲ್ಲೇ ಹೋಗುತ್ತದೆ. ಕಿಟಕಿ ಕಡೆ ಕೂತುಕೋ. ರಾಟೆನ್ ಅನ್ನೋ ಪುಟ್ಟ ಊರಲ್ಲಿ ಇಳಿದರೆ ಬಾಸ್ಟೈ ಬಂಡೆಗಳು ಆಚೆ ದಡದಲ್ಲಿ. ದಾಟೋಕೆ ಒಂದು ದೋಣಿ ಇದೆ. ಅದಕ್ಕೆ ಎಂಜಿನ್ ಇಲ್ಲ! ನದಿಯಲ್ಲಿ ಹಾಕಿದ ಉಕ್ಕಿನ ಹಗ್ಗಕ್ಕೆ ಕಟ್ಟಿರುತ್ತಾರೆ, ನೀರಿನ ಸೆಳೆತವೇ ಅದನ್ನು ಈ ದಡದಿಂದ ಆ ದಡಕ್ಕೆ ತಳ್ಳುತ್ತದೆ. ನನಗೆ ಬಂಡೆಗಿಂತ ಆ ದೋಣಿಯೇ ಜಾಸ್ತಿ ಇಷ್ಟ. ಆಮೇಲೆ ಕಾಡಿನ ಮೆಟ್ಟಿಲು ಹತ್ತಬೇಕು. ಬಾಸ್ಟೈ ಸಮುದ್ರ ಮಟ್ಟದಿಂದ 305 ಮೀಟರ್ ಅಷ್ಟೇ. 1,930 ಮೀಟರಿನ ಮುಳ್ಳಯ್ಯನಗಿರಿ ಹತ್ತಿ ಬೆಳೆದ ನಿನಗೆ ಇದೇನು ಗುಡ್ಡ ಅನ್ನಿಸಬಹುದು. ಮೇಲೆ ಹೋಗಿ ನೋಡು. ಮರಳುಗಲ್ಲಿನ ಕಂಬಗಳು ನೆಟ್ಟಗೆ ನಿಂತಿವೆ, 194 ಮೀಟರ್ ಕೆಳಗೆ ನದಿ ತಿರುಗಿಕೊಂಡು ಹೋಗುತ್ತದೆ. ಬಂಡೆಯಿಂದ ಬಂಡೆಗೆ 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ನಮ್ಮ ಹಸಿರು ಗುಡ್ಡಗಳಿಗಿಂತ ಪೂರ್ತಿ ಬೇರೆ ಥರದ ಚೆಲುವು.

ಕನ್ನಡದವರ ಗುಂಪು ಸಿಕ್ಕರೆ ಅವರ ಜೊತೆ ಹೋಗಲಾ ಅಂತ ಕೊನೆಗೆ ಕೇಳಿದ್ದೀಯಲ್ಲ, ಅವರ ಜೊತೆ ಯುಗಾದಿ ಮಾಡು, ರಾಜ್ಯೋತ್ಸವ ಮಾಡು, ಹುಷಾರಿಲ್ಲದಾಗ ಮೊದಲು ಅವರಿಗೇ ಫೋನ್ ಮಾಡು. ಆದರೆ ಈ ಟ್ರಿಪ್ಪಿಗೆ ಕ್ಲಾಸಿನವರ ಜೊತೆಯೇ ಹೋಗು ಮಾರಾಯ್ತಿ. ಒಂದು ಇಡೀ ದಿನ ಜೊತೆಗೆ ನಡೆದಾಗ ನಿನ್ನ ಅರೆಬರೆ ಜರ್ಮನ್ ತಾನಾಗಿ ಬಾಯಿಗೆ ಬರುತ್ತೆ. ಕ್ಲಾಸಲ್ಲಿ ಬರೀ ಹಲೋ ಅನ್ನುವವರು ಕಾಡುದಾರಿಯಲ್ಲಿ ತಮ್ಮ ಮನೆ ಕಥೆ ಹೇಳುತ್ತಾರೆ. ನನಗೆ ಮೊದಲ ಒಳ್ಳೆ ಕೋಣೆ ಸಿಕ್ಕಿದ್ದು ಇಂಥದ್ದೇ ಟ್ರಿಪ್ಪಿನಲ್ಲಿ ಪರಿಚಯವಾದ ಹುಡುಗಿಯಿಂದ. ಅವಳಿದ್ದ ಮನೆಯಲ್ಲಿ ಒಂದು ಕೋಣೆ ಖಾಲಿಯಾಗುತ್ತಿತ್ತು, ಜಾಹೀರಾತು ಹಾಕುವ ಮುಂಚೆ ನನ್ನನ್ನು ಕೇಳಿದಳು. ಇವತ್ತಿಗೂ ಅವಳು ನನಗೆ ಅಕ್ಕತಂಗಿ ಇದ್ದ ಹಾಗೆ.

ಊಟದ ಬಿಲ್ ಬಂದಾಗ ಒಟ್ಟಿಗಾ, ಬೇರೆ ಬೇರೆನಾ ಅಂತ ವೇಟರ್ ಕೇಳುತ್ತಾರೆ. ಬೇರೆ ಬೇರೆ ಅನ್ನು, ಅಲ್ಲಿ ಅದು ಯಾರಿಗೂ ಕೆಟ್ಟದಾಗಿ ಕಾಣಲ್ಲ. ಸಣ್ಣ ಹೋಟೆಲುಗಳಲ್ಲಿ ಕಾರ್ಡ್ ತಗೊಳ್ಳದೆ ಇರಬಹುದು, ಪರ್ಸಿನಲ್ಲಿ ಸ್ವಲ್ಪ ನಗದು ಇರಲಿ. ಬಿಯರ್ ಬೇಡ ಅಂದರೆ ಆಪ್ಫೆಲ್‌ಶೋರ್ಲೆ ಕೇಳು, ಸೇಬಿನ ರಸಕ್ಕೆ ಸೋಡಾ ಬೆರೆಸಿ ಕೊಡುತ್ತಾರೆ. ಯಾಕೆ ಕುಡಿಯಲ್ಲ ಅಂತ ನನ್ನನ್ನು ಯಾರೂ ಪೀಡಿಸಿಲ್ಲ. ಭಾನುವಾರ ಅಂಗಡಿಗಳು ಬಂದ್, ಬ್ರೆಡ್ಡು ಹಣ್ಣು ಶನಿವಾರವೇ ತಗೋ. ಚಿತ್ರಾನ್ನ ಕಟ್ಟಿಕೊಂಡು ಹೋದರೆ ಎಲ್ಲರೂ ಕೈ ಹಾಕುತ್ತಾರೆ, ಸ್ವಲ್ಪ ಜಾಸ್ತಿನೇ ಮಾಡು.

ಅಲ್ಲಿಂದ ಚೆಕ್ ಗಡಿ ತೀರಾ ಹತ್ತಿರ. ರೈಲಲ್ಲಿ ಪೊಲೀಸರು ತಪಾಸಣೆ ಮಾಡಬಹುದು. ಪಾಸ್‌ಪೋರ್ಟ್, ವೀಸಾ ಎರಡೂ ಒರಿಜಿನಲ್ ಇಟ್ಟುಕೋ, ಫೋನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡ. ಮತ್ತೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತೆ. ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಜಾರುತ್ತದೆ, ಹಿಡಿತ ಇರುವ ಶೂ ಬೇಕೇ ಬೇಕು. ಎಂಟು ಗಂಟೆಯೊಳಗೆ ರೈಲು ಹತ್ತಿ, ಮಧ್ಯಾಹ್ನ ಮೂರಕ್ಕೆ ಇಳಿಯಲು ಶುರು ಮಾಡಿ ಅಂತ ಗುಂಪಿಗೆ ಈಗಲೇ ಹೇಳು. ಹಾಸ್ಟೆಲ್ ಇನ್ನೂ ಬುಕ್ ಆಗಿಲ್ಲ ಅಂದರೆ ಇವತ್ತೇ ಮಾಡಿಸು.