ಮೂರನೇ ದಿನ ಬಿಡಿಐ ಕೊಟ್ಟರೆ ಖಿನ್ನತೆ ಸಿಗದೆ ಇನ್ನೇನು ಸಿಕ್ಕೀತು?

ಡಿಸರ್ಟೇಶನ್ (ಪದವಿಗಾಗಿ ಬರೆಯುವ ಸಂಶೋಧನಾ ಪ್ರಬಂಧ) ಸಲ್ಲಿಸುವ ಕಾಲ ಹತ್ತಿರವಾದಂತೆ ಕ್ಲಿನಿಕಲ್ ಸೈಕಾಲಜಿ ವಿದ್ಯಾರ್ಥಿಗಳ ಪತ್ರಗಳು ಹೆಚ್ಚುತ್ತವೆ. ವಿಷಯ ಹೆಚ್ಚುಕಮ್ಮಿ ಒಂದೇ: ಮದ್ಯ ಇಲ್ಲವೇ ಗಾಂಜಾ, ಜೊತೆಗೆ ಖಿನ್ನತೆ ಇಲ್ಲವೇ ಆತಂಕ. ಪ್ರಶ್ನೆಗಳೂ ಅವೇ. ಪಿ ವ್ಯಾಲ್ಯೂ ಎಂದರೇನು, ಯಾವ ಟೆಸ್ಟ್ ಹಾಕಬೇಕು ಎಂಬುದನ್ನೆಲ್ಲ ಇಲ್ಲಿ ಹೇಳಿಕೊಡುವುದಿಲ್ಲ. ಅದಕ್ಕೆ ನಿಮಗೆ ಗೈಡ್ ಇದ್ದಾರೆ. ನಾಲ್ಕಾರು ಮಂದಿ ಕೇಳಿದ್ದನ್ನು ಒಂದೇ ಪ್ರಶ್ನೆಯಾಗಿ ಸೇರಿಸಿಕೊಂಡಿದ್ದೇನೆ.

ಮೇಡಂ, ನಾನು ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ‘ಕರ್ನಾಟಕದ ಮದ್ಯವ್ಯಸನಿಗಳಲ್ಲಿ ಖಿನ್ನತೆ’ ನನ್ನ ವಿಷಯ. 60 ಜನ ವ್ಯಸನಿಗಳು, 60 ಜನ ಕುಡಿಯದವರು. ವಾರ್ಡ್‌ಗೆ ದಾಖಲಾದ ಮೂರನೇ ದಿನ ಬಿಡಿಐ-2 (ಖಿನ್ನತೆ ಅಳೆಯುವ ಪ್ರಶ್ನಾವಳಿ) ತುಂಬಿಸಿಕೊಳ್ಳುತ್ತೇನೆ. ಇಲ್ಲಿಯವರೆಗೆ ಬಹುಪಾಲು ಜನರಿಗೆ ತೀವ್ರ ಖಿನ್ನತೆಯ ಅಂಕ ಬಂದಿದೆ. ಕುಡಿತದಿಂದ ಖಿನ್ನತೆ ಬರುತ್ತದೆ ಎಂದು ತೀರ್ಮಾನಿಸಬಹುದೇ?

ಇಲ್ಲ. ನೀವು ಅಳೆದದ್ದು ಖಿನ್ನತೆಯನ್ನೇ ಎಂದು ಹೇಳಲೂ ಬರುವುದಿಲ್ಲ.

ಮೂರನೇ ದಿನವನ್ನೇ ಯಾಕೆ ಆರಿಸಿಕೊಂಡಿರಿ? ಮೊದಲೆರಡು ದಿನ ರೋಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಮೂರನೇ ದಿನ ಎದ್ದು ಕೂತ, ಅಷ್ಟೇ ತಾನೆ? ಕೊನೆಯ ಪೆಗ್ ಇಳಿದು ಆರೆಂಟು ಗಂಟೆಗೆ ಕೈನಡುಕ, ಬೆವರು ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಗಳಲ್ಲಿ ಬರುತ್ತದೆ. ಡೆಲಿರಿಯಂ ಟ್ರೆಮೆನ್ಸ್ (ನಡುಕದ ಜೊತೆ ಗೊಂದಲ, ಭ್ರಮೆ) ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ. ಅಂದರೆ ಕುಡಿತ ನಿಂತಾಗ ಮೈಮನಸ್ಸು ಕೆಡುವ ವಿತ್‌ಡ್ರಾಯಲ್‌ನ ನಟ್ಟನಡುವೆ ಹೋಗಿ ನೀವು ಪೆನ್ನು ಕೊಡುತ್ತಿದ್ದೀರಿ. ಆ ಮನುಷ್ಯನ ಮೈಯಲ್ಲಿ ಅದನ್ನು ತಗ್ಗಿಸಲು ಕೊಟ್ಟ ಲೊರಾಜಿಪಾಮ್ ಇಲ್ಲವೇ ಕ್ಲೋರ್‌ಡಯಾಜಿಪಾಕ್ಸೈಡ್ ಓಡುತ್ತಿದೆ. ಸಹಿ ಹಾಕಲು ಕೈ ನಿಲ್ಲದವನ ಸಹಿಯನ್ನು ಒಪ್ಪಿಗೆ ಪತ್ರವೆಂದು ಫೈಲಿಗೆ ಸೇರಿಸುತ್ತೀರಿ.

ಇನ್ನು ಪ್ರಶ್ನಾವಳಿಗೆ ಬನ್ನಿ. ಬಿಡಿಐ-2ರ ತಲೆಬರಹದಲ್ಲೇ ಇದೆ, ಇವತ್ತೂ ಸೇರಿ ಹಿಂದಿನ ಎರಡು ವಾರ ನಿಮಗೆ ಹೇಗನಿಸಿತು ಎಂದು. ಮೂರನೇ ದಿನ ಕೇಳಿದರೆ ಆ ಎರಡು ವಾರಗಳಲ್ಲಿ ಹತ್ತು, ಹನ್ನೊಂದು ದಿನ ಆತ ಕುಡಿಯುತ್ತಲೇ ಇದ್ದ, ಉಳಿದ ದಿನ ನಡುಗುತ್ತಿದ್ದ. ಕುಡಿಯದೆ ಸ್ವಸ್ಥನಾಗಿದ್ದ ಒಂದೇ ಒಂದು ದಿನ ಆ ಲೆಕ್ಕದಲ್ಲಿಲ್ಲ.

21 ಅಂಶಗಳನ್ನು ಒಂದೊಂದಾಗಿ ನೋಡಿ. ಚಡಪಡಿಕೆ, ಶಕ್ತಿ ಕುಂದುವುದು, ನಿದ್ದೆ, ಸಿಡುಕು, ಹಸಿವು, ಏಕಾಗ್ರತೆ, ಸುಸ್ತು, ಲೈಂಗಿಕ ಆಸಕ್ತಿ. ಈ ಎಂಟೂ ಮದ್ಯ ಮತ್ತು ವಿತ್‌ಡ್ರಾಯಲ್ ಎರಡರಿಂದಲೂ ಕೆಡುವಂಥವು. ಎಂಟಕ್ಕೂ ಗರಿಷ್ಠ ಅಂಕ, ತಲಾ 3 ಹಾಕಿದರೆ 24 ಆಯಿತು. ಆತನಿಗೆ ಒಂದಿಷ್ಟೂ ದುಃಖವಿಲ್ಲದಿದ್ದರೂ ‘ಮಧ್ಯಮ ಖಿನ್ನತೆ’ಯ ಪಟ್ಟಿಗೆ ಸೇರಿದ, ಏಕೆಂದರೆ ಅದರ ವ್ಯಾಪ್ತಿ 20ರಿಂದ 28. ಅದರ ಮೇಲೆ ಹೆಂಡತಿ ತವರಿಗೆ ಹೋಗಿದ್ದಾಳೆ, ಕೆಲಸ ಹೋಗಿದೆ, ಅಣ್ಣ ಎಳೆದುಕೊಂಡು ಬಂದು ಸೇರಿಸಿದ್ದಾನೆ. ತಪ್ಪಿತಸ್ಥ ಭಾವನೆಗೆ ಇನ್ನೊಂದಷ್ಟು. 29 ದಾಟಿತು, ‘ತೀವ್ರ’.

ಇದನ್ನು ನಾನು ಹೊಸದಾಗಿ ಕಂಡುಹಿಡಿಯಲಿಲ್ಲ. ಸ್ಯಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶುಕಿಟ್ 1988ರಲ್ಲೇ ತೋರಿಸಿದ್ದಾರೆ. ಚಿಕಿತ್ಸೆಗೆ ದಾಖಲಾದ 191 ಗಂಡಸರನ್ನು ಖಿನ್ನತೆ ಅಳೆಯುವ ಹ್ಯಾಮಿಲ್ಟನ್ ಮಾಪನದಿಂದ ವಾರವಾರವೂ ನೋಡಿದರು. ಶುರುವಿನಲ್ಲಿ 42% ಜನರಿಗೆ ಗಮನಾರ್ಹ ಖಿನ್ನತೆ. ನಾಲ್ಕನೇ ವಾರಕ್ಕೆ 6%. ಮಾನಸಿಕ ಕಾಯಿಲೆಗಳ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಕೂಡ ವಿತ್‌ಡ್ರಾಯಲ್ ಮುಗಿದು ಸುಮಾರು ಒಂದು ತಿಂಗಳಾದರೂ ಲಕ್ಷಣಗಳು ಉಳಿದರೆ ಅದನ್ನು ಸ್ವತಂತ್ರ ಖಿನ್ನತೆಯೆಂದು ಯೋಚಿಸಿ ಎನ್ನುತ್ತದೆ. ಇಷ್ಟು ಹಳೆಯ ಮಾತು ಇನ್ನೂ ವೈವಾಗಳಲ್ಲಿ ಹೊಸದಾಗಿ ಕೇಳಿಸುತ್ತದೆ ಎಂಬುದೇ ನನ್ನ ಸಿಟ್ಟು.

ಇದನ್ನು ಕೇಳಿದೊಡನೆ ಕೆಲವರು ಇನ್ನೊಂದು ದಡಕ್ಕೆ ಹಾರುತ್ತಾರೆ: ಹಾಗಾದರೆ ಕುಡುಕರ ಖಿನ್ನತೆಯೆಲ್ಲ ತಾನೇ ಹೋಗುವಂಥದ್ದು, ಬಿಡಿ ಎಂದು. ಅದು ಇನ್ನೂ ಅಪಾಯ. ಆ 6%ರಲ್ಲಿ ಒಬ್ಬರನ್ನು ಕೈಬಿಟ್ಟರೂ ಏನಾದೀತು ಎಂದು ವಾರ್ಡ್‌ನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ತಾನಾಗಿ ಇಳಿಯುವ ಖಿನ್ನತೆಯಲ್ಲೂ ಇರುವಷ್ಟು ದಿನ ಜೀವ ಕಳೆದುಕೊಳ್ಳುವ ಯೋಚನೆ ಬರುತ್ತದೆ. ನಿಮ್ಮಲ್ಲಿ ಎಷ್ಟು ಜನ ಫಾರಂ ಇಸಿದುಕೊಂಡು, ಬ್ಯಾಗಿಗೆ ಹಾಕಿಕೊಂಡು, ಎರಡು ವಾರ ಬಿಟ್ಟು ಲೆಕ್ಕದ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ಗೆ ಹಾಕುವಾಗ ಒಂಬತ್ತನೇ ಅಂಶಕ್ಕೆ 3 ಬಂದಿದ್ದನ್ನು ನೋಡಿದ್ದೀರಿ? ಒಂಬತ್ತನೆಯದು ಆತ್ಮಹತ್ಯೆಯ ಯೋಚನೆ. ಆ ಸಾಲನ್ನು ಫಾರಂ ಕೈಗೆ ಬಂದ ಕ್ಷಣವೇ, ರೋಗಿಯ ಎದುರಿಗೇ ನೋಡಬೇಕು. 1 ಇದ್ದರೂ ಅಲ್ಲೇ ಕೇಳಬೇಕು. 2 ಅಥವಾ 3 ಇದ್ದರೆ ಆತನನ್ನು ಒಂಟಿಯಾಗಿ ಬಿಡದೆ ಡ್ಯೂಟಿ ಡಾಕ್ಟರಿಗೆ ಹೇಳಿ, ಅವರು ಬಂದ ಮೇಲೆ ಹೊರಡಬೇಕು. ಇದಕ್ಕೆ ವ್ಯವಸ್ಥೆ ಮಾಡಿಕೊಳ್ಳದೆ ಬಿಡಿಐ ಹಂಚುವವರಿಗೆ ನಾನು ಎಥಿಕ್ಸ್ ಕಮಿಟಿಯಲ್ಲಿ ಕೂತಾಗ ಅನುಮತಿ ಕೊಡುವುದಿಲ್ಲ. ಹೊರಗೆ ಸಮೀಕ್ಷೆ ಮಾಡುವವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡಿರಿ, ಆದರೆ ನಂಬರ್ ಕೊಟ್ಟು ಕೈತೊಳೆದುಕೊಳ್ಳಬೇಡಿ.

ಈಗ ನಿಮ್ಮ ಅಧ್ಯಯನವನ್ನು ಏನು ಮಾಡುವುದು? ಸಂಗ್ರಹಿಸಿದ್ದನ್ನು ಎಸೆಯಬೇಡಿ. ಗೈಡ್ ಜೊತೆ ಕೂತು, ಕಮಿಟಿಗೆ ತಿದ್ದುಪಡಿ ಸಲ್ಲಿಸಿ, ವಾರ್ಡ್‌ನಲ್ಲಿ ಇನ್ನೂ ಇರುವವರನ್ನು ಎರಡನೇ ವಾರದ ಕೊನೆಗೆ, ನಾಲ್ಕನೇ ವಾರಕ್ಕೆ ಮತ್ತೆ ಅಳೆಯಿರಿ. ಪ್ರತಿ ಸಲವೂ ಸಿಐಡಬ್ಲ್ಯೂಎ-ಎಆರ್ (ವಿತ್‌ಡ್ರಾಯಲ್‌ನ ತೀವ್ರತೆ ಅಳೆಯುವ ಮಾಪನ) ಅಂಕ ಮತ್ತು ಆ ದಿನದ ಔಷಧಿ ಬರೆದುಕೊಳ್ಳಿ. ಬಹಳ ಮಂದಿ ನಾಲ್ಕು ವಾರ ಉಳಿಯುವುದಿಲ್ಲ, ಮನೆಗೆ ಹೋಗುತ್ತಾರೆ. ಫೋನಿನಲ್ಲಿ ಸಿಗದವರು ಸುಮ್ಮನೆ ಕಳೆದುಹೋದವರಲ್ಲ, ಅವರಲ್ಲಿ ಹಲವರು ಮತ್ತೆ ಕುಡಿಯುತ್ತಿರಬಹುದು. ಸಿಕ್ಕವರನ್ನಷ್ಟೇ ಲೆಕ್ಕಹಾಕಿ ಎಲ್ಲರೂ ಸುಧಾರಿಸಿದರು ಎಂದು ಬರೆಯಬೇಡಿ. ಮೂರು ಸಲ ಅಳೆದ 25 ಜನ, ಒಂದೇ ಸಲ ಅಳೆದ 120 ಜನರಿಗಿಂತ ಹೆಚ್ಚು ಹೇಳುತ್ತಾರೆ.

ಕುಡಿತ ಮೊದಲೋ ಖಿನ್ನತೆ ಮೊದಲೋ ಎಂದು ತಿಳಿಯಲು ಅಂಕಗಳಿಗಿಂತ ಆಯುಷ್ಯದ ಗೆರೆ ಒಳ್ಳೆಯದು. ಒಂದು ಹಾಳೆಯ ಮೇಲೆ ಉದ್ದ ಗೆರೆ ಎಳೆಯಿರಿ. ಮೊದಲ ಸಲ ಕುಡಿದದ್ದು, ದಿನಾ ಕುಡಿಯಲು ಶುರುಮಾಡಿದ್ದು, ಬೆಳಿಗ್ಗೆ ಎದ್ದೊಡನೆ ಬೇಕಾದದ್ದು ಗುರುತಿಸಿ. ಪಕ್ಕದಲ್ಲಿ ಮನಸ್ಸು ಕುಗ್ಗಿ ಎರಡು ವಾರಕ್ಕೂ ಹೆಚ್ಚು ಹಾಸಿಗೆ ಹಿಡಿದ ಕಾಲಗಳನ್ನು ಗುರುತಿಸಿ. ಎಲ್ಲಕ್ಕಿಂತ ಮುಖ್ಯ, ಕುಡಿತ ಬಿಟ್ಟಿದ್ದ ತಿಂಗಳುಗಳು: ಗಲ್ಫ್‌ನಲ್ಲಿದ್ದಾಗ, ಜಾಂಡೀಸ್ ಆದಾಗ, ಮಗಳ ಬಾಣಂತನದಲ್ಲಿ. ಆಗಲೂ ಮನಸ್ಸು ಹಾಗೇ ಇತ್ತೇ? ತಾರೀಕು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಊರ ಜಾತ್ರೆಗೆ ಮುಂಚೆಯೋ ಆಮೇಲೋ ಎಂದರೆ ತಟ್ಟನೆ ಹೇಳುತ್ತಾರೆ. ಹೆಂಡತಿಯನ್ನೋ ತಾಯಿಯನ್ನೋ ಬೇರೆಯಾಗಿ ಕೂರಿಸಿ (ರೋಗಿಯ ಒಪ್ಪಿಗೆ ಪಡೆದು) ಅದೇ ಗೆರೆ ಬರೆಸಿ. ಎರಡು ಗೆರೆ ಹೊಂದುವುದಿಲ್ಲ, ಅದೂ ದತ್ತಾಂಶವೇ.

ಕುಡಿಯದ ಆ 60 ಜನರನ್ನು ಎಲ್ಲಿಂದ ತಂದಿರಿ ಎಂದು ಬರೆದಿಲ್ಲ. ನಿಮ್ಮ ಕಾಲೇಜಿನವರಾದರೆ ಬಿಟ್ಟುಬಿಡಿ. 42 ವರ್ಷದ ಗಾರೆ ಕೆಲಸದವನನ್ನು 22ರ ವಿದ್ಯಾರ್ಥಿಯ ಜೊತೆ ಹೋಲಿಸಿ ವ್ಯತ್ಯಾಸಕ್ಕೆ ಮದ್ಯ ಕಾರಣ ಎಂದರೆ ನಗುತ್ತಾರೆ.

ಶೀರ್ಷಿಕೆಯಿಂದ ‘ಕರ್ನಾಟಕದ ಮದ್ಯವ್ಯಸನಿಗಳು’ ತೆಗೆಯಿರಿ. ಏಮ್ಸ್‌ನವರು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಮಾಡಿ 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕವರು 38ಕ್ಕೆ ಒಬ್ಬರು, ಒಳರೋಗಿಯಾಗಿ ದಾಖಲಾದವರು 180ಕ್ಕೆ ಒಬ್ಬರು. ನಿಮ್ಮ ವಾರ್ಡ್‌ನಲ್ಲಿರುವುದು ಆ ಒಬ್ಬ. ಉಳಿದ 179 ಜನರ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ.

ಕುಡಿತದ ಪ್ರಮಾಣ ಕೇಳುವ ಆಡಿಟ್ ಪ್ರಶ್ನಾವಳಿಗೆ ಹಳ್ಳಿಯ ಗಂಡಸರು ‘ದಿನಕ್ಕೆ ಒಂದೇ’ ಎನ್ನುತ್ತಾರೆ. ಮನೆಯವರು ಬೇರೆಯೇ ಹೇಳುತ್ತಾರೆ. ಸುಳ್ಳನ್ನು ಹೇಗೆ ಪತ್ತೆ ಮಾಡುವುದು?

ಅವರು ಸುಳ್ಳು ಹೇಳುತ್ತಿಲ್ಲ. ಒಂದು ಎಂದರೆ ಒಂದು ಕ್ವಾರ್ಟರ್. 180 ಎಂಎಲ್ ವಿಸ್ಕಿಯಲ್ಲಿ, 42.8% ಎಂದು ಹಿಡಿದರೆ, ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಆಡಿಟ್‌ನ ಒಂದು ಡ್ರಿಂಕ್ 10 ಗ್ರಾಂ. ಅಂದರೆ ಆರು ಡ್ರಿಂಕ್. ತೊಂಬತ್ತರ ಟೆಟ್ರಾ ಪ್ಯಾಕ್ ಒಂದಕ್ಕೆ ಮೂರು ಡ್ರಿಂಕ್. 8%ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿ ಒಂದಕ್ಕೆ ನಾಲ್ಕು. ದಿನಾ ಒಂದು ಕ್ವಾರ್ಟರ್ ಹಾಕುವವನು ‘ಒಂದು’ ಎಂದಾಗ ನೀವು ಹಾಗೇ ಬರೆದುಕೊಂಡರೆ ಮೊದಲ ಮೂರು ಪ್ರಶ್ನೆಗಳಿಂದ ಬರುವುದು 4 ಅಂಕ. ಸರಿಯಾಗಿ ಲೆಕ್ಕ ಹಾಕಿದರೆ 10. ಎಚ್ಚರಿಕೆಯ ಗಡಿ ಇರುವುದು 8ಕ್ಕೆ. ನಿಮ್ಮ ಅಜ್ಞಾನದಿಂದ ಆತ ಆರೋಗ್ಯವಂತನಾಗಿಬಿಟ್ಟ. ಖಾಲಿ ಬಾಟಲಿ, ಪ್ಯಾಕ್‌ಗಳ ಫೋಟೋ ಇಟ್ಟುಕೊಂಡು ಯಾವುದು, ಎಷ್ಟು, ಎಷ್ಟು ಜನ ಹಂಚಿಕೊಂಡಿರಿ ಎಂದು ಕೇಳಿ. ಸೇಂದಿಯ ಗಾಢತೆ ದಿನಕ್ಕೊಂದು ಥರ. ಅದನ್ನು ಬೇರೆ ಕಾಲಂನಲ್ಲಿ ಬರೆಯಿರಿ, ಊಹೆಯ ಸಂಖ್ಯೆ ಹಾಕಬೇಡಿ.

ಸಂದರ್ಶನದಲ್ಲಿ ಒಬ್ಬ ಹುಡುಗ ಗಾಂಜಾ ಸೇದುತ್ತೇನೆ ಎಂದ. ಪೊಲೀಸರಿಗೆ ತಿಳಿಸದಿದ್ದರೆ ನನ್ನ ಮೇಲೆ ಕೇಸ್ ಆಗುತ್ತದೆಯೇ?

ಆಗುವುದಿಲ್ಲ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 27ನೇ ಕಲಂ ಸೇವನೆಯನ್ನು ಶಿಕ್ಷಾರ್ಹ ಮಾಡಿದೆ ನಿಜ, ಆದರೆ ಸೇದುತ್ತೇನೆ ಎಂದವನ ಹೆಸರನ್ನು ಠಾಣೆಗೆ ಒಯ್ಯುವ ಹೊಣೆ ಕೇಳಿಸಿಕೊಂಡವರ ಮೇಲಿಲ್ಲ. ಅದೇ ಕಾಯ್ದೆಯ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ರಕ್ಷಣೆಯನ್ನೂ ಕೊಡುತ್ತದೆ. ಯಾರು ಮಾರಿದರು, ಎಲ್ಲಿ ಸಿಗುತ್ತದೆ ಎಂದು ಕೇಳುವ ಕುತೂಹಲ ಬೇಡ. ನಿಮ್ಮ ಸಂಶೋಧನೆಗೆ ಅದರಿಂದ ಏನೂ ಆಗಬೇಕಿಲ್ಲ. ಹೆಸರಿನ ಬದಲು ಕೋಡ್, ಕೋಡ್‌ನ ಪಟ್ಟಿ ಬೇರೆ ಕಡೆ ಬೀಗದಲ್ಲಿ. ಆಡಿಯೋ ವಾಟ್ಸಾಪ್‌ನಲ್ಲಿ ಗೈಡ್‌ಗೆ ಕಳಿಸುವ ಚಾಳಿ ಬಿಡಿ.

ಒಂದು ವಿನಾಯಿತಿ ಇದೆ, ಅದು ದೊಡ್ಡದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿಸಲೇಬೇಕು. ಇದನ್ನು ಸಂದರ್ಶನಕ್ಕೆ ಮೊದಲೇ ಆತನಿಗೆ ಹೇಳಿರಬೇಕು. ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಎಂದು ಮಾತು ಕೊಟ್ಟು ಆಮೇಲೆ ಮುರಿಯುವುದು ಮೋಸ. ಹುಡುಗ 18ರೊಳಗಿನವನಾದರೆ ಪೋಷಕರ ಒಪ್ಪಿಗೆ, ಜೊತೆಗೆ ಅವನದೂ ಬೇಕು. ‘ಗಾಂಜಾ ಸೇವಿಸುವ ಬಾಲಕರ ಅಧ್ಯಯನ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚುಹಾಕಿದ ಪತ್ರವನ್ನು ಅಪ್ಪನ ಕೈಗೆ ಕೊಟ್ಟವರೊಬ್ಬರನ್ನು ನೋಡಿದ್ದೇನೆ. ಆ ಹುಡುಗನ ಗತಿ ಏನಾಯಿತೋ.

ಖಾಸಗಿ ಡೀ ಅಡಿಕ್ಷನ್ ಸೆಂಟರ್ ಮಾಲೀಕರು 100 ಜನರ ಡೇಟಾ ಒಂದೇ ದಿನದಲ್ಲಿ ಕೊಡಿಸುತ್ತೇನೆ ಎಂದಿದ್ದಾರೆ. ತೆಗೆದುಕೊಳ್ಳಬಹುದೇ?

ಬೇಡ. ಬೀಗದ ಒಳಗಿರುವವನ ಪರವಾಗಿ ಬೀಗದ ಕೈ ಇರುವವನು ಒಪ್ಪಿಗೆ ಕೊಡಲಾರ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿದೆ. ಇಂಥವರನ್ನು ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರಕ್ಕೆ ನೋಂದಣಿ ಇರಬೇಕು, ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎಂದು ಕೇಳಿ ನೋಡಿ. ಮುಖ ಸಪ್ಪಗಾದರೆ ಹೊರಟುಬನ್ನಿ.

ಕುಡಿತ ಬಿಡಿಸಲು ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿಯ ಪರಿಣಾಮವನ್ನು ಅಧ್ಯಯನ ಮಾಡಬೇಕೆಂದಿದ್ದೇನೆ.

ಗೋಡೆ ಬರಹ, ಲೋಕಲ್ ಚಾನೆಲ್‌ನ ಜಾಹೀರಾತು ನೋಡಿ ಸಂಶೋಧನಾ ಪ್ರಶ್ನೆ ಹುಟ್ಟಿಸಿಕೊಳ್ಳುವವರನ್ನು ಏನೆನ್ನಲಿ? ಆ ಪುಡಿಯಲ್ಲಿ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಇದ್ದು, ತಿಂದವನು ಅರಿಯದೆ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷ ಮೈಯಲ್ಲಿ ಸೇರಿ ವಾಂತಿ, ಎದೆ ಬಡಿತ, ಬಿ.ಪಿ. ಕುಸಿತ, ಹೃದಯ ದುರ್ಬಲವಾಗಿದ್ದರೆ ಸಾವು. ವೈದ್ಯರೂ ಆ ಮಾತ್ರೆಯನ್ನು ರೋಗಿಗೆ ವಿವರಿಸಿ, ಒಪ್ಪಿಗೆ ಪಡೆದೇ ಕೊಡುತ್ತಾರೆ. ಗುಟ್ಟಾಗಿ ಹಾಕುವುದು ವಿಷಪ್ರಾಶನಕ್ಕೆ ಹತ್ತಿರ. ಇದನ್ನು ‘ಇಂಟರ್ವೆನ್ಷನ್’ ಎಂದು ಬರೆದ ಸಿನಾಪ್ಸಿಸ್ ಹರಿದುಹಾಕಿ.

ಅಯ್ಯಪ್ಪನ ಮಾಲೆ ಹಾಕಿದಾಗ 48 ದಿನ ಕುಡಿಯುವುದಿಲ್ಲವಲ್ಲ, ಹಾಗಾದರೆ ವ್ಯಸನ ಕಾಯಿಲೆಯಲ್ಲ, ಮನೋಬಲದ ಕೊರತೆ ಎಂದಾಯಿತಲ್ಲವೇ?

ಆಗಲಿಲ್ಲ. ಬಿಡುವುದೂ ಬಿಟ್ಟು ಉಳಿಯುವುದೂ ಬೇರೆ ಬೇರೆ; 49ನೇ ದಿನ ಹೋಗಿ ನೋಡಿ. ಬೆಳಿಗ್ಗೆಯೇ ಕೈನಡುಕಕ್ಕೆ ಕುಡಿಯುವವನು ಮಾಲೆಗಾಗಿ ಏಕಾಏಕಿ ನಿಲ್ಲಿಸುವುದಾದರೆ ಮೊದಲು ವೈದ್ಯರನ್ನು ಕಾಣಲಿ, ಗುರುಸ್ವಾಮಿಗೂ ಈ ಮಾತು ಹೇಳಿ.

ಗಾಂಜಾ ಗಿಡಮೂಲಿಕೆಯಾದ್ದರಿಂದ ಅಂಟಿಕೊಳ್ಳುವುದಿಲ್ಲ ಅಲ್ಲವೇ?

ತಂಬಾಕೂ ಗಿಡವೇ.

ಇಂಟರ್‌ನೆಟ್ ಅಡಿಕ್ಷನ್ ಮತ್ತು ಒಂಟಿತನ, 200 ಜನ, ಗೂಗಲ್ ಫಾರಂ. ಹೇಗಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಕಾಯಿಲೆ ಇದೆ, ಇಂಟರ್‌ನೆಟ್ ಅಡಿಕ್ಷನ್ ಎಂಬ ರೋಗನಿರ್ಣಯ ಇಲ್ಲ. ಬೇರೆ ವಿಷಯ ಹುಡುಕಿ.

ಡೇಟಾ ತೆಗೆದುಕೊಳ್ಳುವಾಗಲೇ ಅವರಿಗೆ ಕೌನ್ಸೆಲಿಂಗ್ ಮಾಡಲೇ?

ಎಂ.ಎಸ್ಸಿ. ವಿದ್ಯಾರ್ಥಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವುದಿಲ್ಲ. ಕೇಳಿಸಿಕೊಳ್ಳಿ, ಸರಿಯಾದವರ ಬಳಿ ಕಳಿಸಿ, ಅಷ್ಟೇ.

ನಿಮ್ಮ ಬಳಿ ಇರುವ ಪ್ರಶ್ನಾವಳಿಗಳ ಪಿಡಿಎಫ್ ಕಳಿಸುವಿರಾ?

ಆಡಿಟ್ ವಿಶ್ವ ಆರೋಗ್ಯ ಸಂಸ್ಥೆಯದು, ಹಣ ಕೊಡದೆ ಬಳಸಬಹುದು. ಬಿಡಿಐ-2 ಪ್ರಕಾಶಕರ ಸ್ವತ್ತು, ನಿಮ್ಮ ವಿಭಾಗ ಕೊಂಡುಕೊಳ್ಳಬೇಕು. ಜೆರಾಕ್ಸ್ ನಾನು ಕಳಿಸುವುದಿಲ್ಲ. ಇನ್ನು ಮುಂದೆ ಬರೆಯುವವರು ಎಥಿಕ್ಸ್ ಕಮಿಟಿ ಅನುಮತಿ ಸಿಕ್ಕ ದಿನಾಂಕವನ್ನು ಪತ್ರದ ಮೇಲೆ ಹಾಕಿ. ಅದಕ್ಕೂ ಮೊದಲೇ ಡೇಟಾ ತೆಗೆದವರ ಪತ್ರಕ್ಕೆ ಉತ್ತರ ಬರೆಯುವುದನ್ನು ನಿಲ್ಲಿಸಿದ್ದೇನೆ.